ನಿಮ್ಮ ಎಂಪಿ ಹೌದು ಅಂದ್ರಾ, ಇಲ್ಲ ಅಂದ್ರಾ?

ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ಮತ್ತು ಭಯೋತ್ಪಾದನೆ ತಡೆಯುವ ಕಾಯ್ದೆಯ ಕೇಸು ಹಿಡಿದುಕೊಂಡು ಬರುವ ಮನೆಯವರಿಗೆ ನಾನು ಮೊದಲು ಬಿಡಿಸಿ ಹೇಳುವುದು ಸೆಕ್ಷನ್ 43ಡಿ(5). ಪೊಲೀಸರ ಆರೋಪ ಮೇಲ್ನೋಟಕ್ಕೆ ನಿಜ ಅನ್ನಿಸಿದರೆ ಸಾಕು, ಕೋರ್ಟು ಜಾಮೀನು ಕೊಡುವಂತಿಲ್ಲ. "ಇಂಥ ಕಾನೂನು ಯಾರು ಮಾಡಿದ್ದು ಸಾರ್?" ಅಂತ ಕೇಳುತ್ತಾರೆ. ಈ ಸೆಕ್ಷನ್ ಬಂದದ್ದು 2008ರ ಡಿಸೆಂಬರ್‌ನಲ್ಲಿ, ಮುಂಬೈ ದಾಳಿಯ ಬೆನ್ನಿಗೇ, ಕಾಂಗ್ರೆಸ್ ನೇತೃತ್ವದ ಸರ್ಕಾರ ಇದ್ದಾಗ. ಒಬ್ಬ ವ್ಯಕ್ತಿಯನ್ನೇ ಭಯೋತ್ಪಾದಕ ಎಂದು ಸರ್ಕಾರ ಘೋಷಿಸಬಹುದು ಅಂತ ಸೇರಿಸಿದ್ದು 2019ರಲ್ಲಿ, ಬಿಜೆಪಿ ಸರ್ಕಾರ. ಆದರೆ ಮಸೂದೆಗೆ ಕೈ ಎತ್ತಿದವರು ನಾವು ಆರಿಸಿ ಕಳಿಸಿದ ಸದಸ್ಯರು, ಅಲ್ವಾ?

ಅವರಲ್ಲಿ ನಿಮ್ಮವರು ಏನಂದರು ಎಂದು ಹುಡುಕಲು ಹೋದರೆ ಬಹಳ ಸಲ ಏನೂ ಸಿಗುವುದಿಲ್ಲ. ಕಾರಣ ಧ್ವನಿಮತ. ಸ್ಪೀಕರ್ ಕೇಳುತ್ತಾರೆ, ಒಂದಿಷ್ಟು ಜನ ಹೌದು ಅಂತಾರೆ, ಒಂದಿಷ್ಟು ಜನ ಇಲ್ಲ ಅಂತಾರೆ, ಮಸೂದೆ ಪಾಸು. ಯಾರ ಹೆಸರೂ ದಾಖಲಾಗುವುದಿಲ್ಲ. ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ ಮತ್ತು ಅದರ ಜೊತೆಗಿನ ಎರಡು ಮಸೂದೆಗಳು 2023ರ ಡಿಸೆಂಬರ್ 20ರಂದು ಲೋಕಸಭೆಯಲ್ಲಿ ಪಾಸಾದದ್ದು ಹೀಗೇ, ಅದೂ ವಿರೋಧ ಪಕ್ಷಗಳ 90ಕ್ಕೂ ಹೆಚ್ಚು ಸಂಸದರು ಅಮಾನತಿನಲ್ಲಿದ್ದಾಗ.

ನಮ್ಮ ವಿಧಾನಸಭೆಯನ್ನೇ ನೋಡಿ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ ಬಂದಾಗ ಸಾಲು ಸಾಲಾಗಿ ಶಾಸಕರನ್ನು ನಿಲ್ಲಿಸಿ ತಲೆ ಎಣಿಸಿದರು. 99 ಪರ, 105 ವಿರುದ್ಧ. 2021ರ ಡಿಸೆಂಬರ್ 23ರಂದು, ಯಾರು ಯಾವ ಧರ್ಮಕ್ಕೆ ಹೋಗಬಹುದು ಎಂಬುದಕ್ಕೆ ಕೈ ಹಾಕುವ ಮತಾಂತರ ನಿಷೇಧ ಮಸೂದೆ ಬಂದಾಗ, ಗದ್ದಲದ ನಡುವೆ ಧ್ವನಿಮತ. ಕುರ್ಚಿಯ ಪ್ರಶ್ನೆಯಾದರೆ ತಲೆ ಎಣಿಸುತ್ತಾರೆ. ನಿಮ್ಮ ನಮ್ಮ ಸ್ವಾತಂತ್ರ್ಯಕ್ಕೆ ಸುಮ್ನೆ ಒಂದು ಕೂಗು ಸಾಕು!

ಹೆಸರು ದಾಖಲಾಗಬೇಕಾದರೆ ಡಿವಿಷನ್ ಆಗಬೇಕು, ಅಂದರೆ ಮತ ವಿಭಜನೆ. ಸ್ಪೀಕರ್ ಹೇಳಿದ ಫಲಿತಾಂಶವನ್ನು ಒಬ್ಬ ಸದಸ್ಯ ಪ್ರಶ್ನಿಸಿದರೂ ಇದಕ್ಕೆ ದಾರಿ ತೆರೆಯುತ್ತದೆ. ಆದರೆ ಲೋಕಸಭೆಯ ನಿಯಮ 367ರಲ್ಲಿ ಒಂದು ಕಿಂಡಿ ಇದೆ. ಡಿವಿಷನ್ ಅನಗತ್ಯವಾಗಿ ಕೇಳಿದ್ದಾರೆ ಅನ್ನಿಸಿದರೆ ಸ್ಪೀಕರ್ ಸದಸ್ಯರನ್ನು ಎದ್ದು ನಿಲ್ಲಿಸಿ ಎಣಿಸಿ ಮುಗಿಸಬಹುದು, ಆಗ ಹೆಸರು ಬರೆದುಕೊಳ್ಳುವುದಿಲ್ಲ.

2019ರ ಜುಲೈ 24ರಂದು ಯುಎಪಿಎ ತಿದ್ದುಪಡಿಗೆ ಡಿವಿಷನ್ ಆಯಿತು. ಪರ 287, ವಿರುದ್ಧ ಬರೀ 8. ವಿರೋಧ ಪಕ್ಷಗಳ ಬಹಳ ಮಂದಿ ಅಷ್ಟರಲ್ಲಿ ಎದ್ದು ಹೊರಗೆ ಹೋಗಿದ್ದರು. ಸಭಾತ್ಯಾಗವನ್ನು ಟಿವಿಯಲ್ಲಿ ಪ್ರತಿಭಟನೆ ಅಂತ ತೋರಿಸುತ್ತಾರೆ, ದಾಖಲೆಯಲ್ಲಿ ಅದು 'ಇಲ್ಲ' ಅಲ್ಲ. ಎದ್ದು ಹೋದವರಿಗೆ ಯಾಕೆ ಎಂದು ಕೇಳುವ ಹಕ್ಕು ಮತದಾರನಿಗೆ ಇದೆ.

"ವಿಪ್ ಇತ್ತು, ಏನು ಮಾಡೋದು" ಅನ್ನುವ ಉತ್ತರ ಖಂಡಿತ ಬರುತ್ತದೆ. ವಿಪ್ ಅಂದರೆ ಹೀಗೇ ಮತ ಹಾಕಿ ಎಂದು ಪಕ್ಷ ತನ್ನ ಸದಸ್ಯರಿಗೆ ಕೊಡುವ ಆದೇಶ. ಪೂರ್ತಿ ಸುಳ್ಳಲ್ಲ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವ ಹೋಗಬಹುದು. 1992ರ ಕಿಹೊಟೊ ಹೊಲ್ಲೊಹನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಸರ್ಕಾರ ಬೀಳುವ ಪ್ರಶ್ನೆ ಅಥವಾ ಪಕ್ಷ ಜನರ ಮುಂದಿಟ್ಟು ಗೆದ್ದ ಮುಖ್ಯ ಕಾರ್ಯಕ್ರಮದ ಪ್ರಶ್ನೆ ಇದ್ದಾಗ ಮಾತ್ರ ಅಂಥ ವಿಪ್ ಇರಲಿ ಎಂಬರ್ಥದಲ್ಲಿ ಹೇಳಿತ್ತು. ಪಕ್ಷಗಳು ಕೇಳಬೇಕಲ್ಲ! ಆದರೂ ವಿಪ್ ಕಟ್ಟಿಹಾಕುವುದು ಮತವನ್ನು. ಚರ್ಚೆಯಲ್ಲಿ ಈ ಕಲಮು ಸರಿಯಿಲ್ಲ ಎನ್ನಲು, ಮಸೂದೆಯನ್ನು ಸಮಿತಿಗೆ ಕಳಿಸಿ ಎನ್ನಲು ಬಾಯಿ ಇದೆ. ಆ ಮಾತು ಇದೆಯೋ ಇಲ್ಲವೋ, ನಡಾವಳಿಯಲ್ಲಿ, ಅಂದರೆ ಸದನದಲ್ಲಿ ನಡೆದದ್ದರ ದಾಖಲೆಯಲ್ಲಿ, ಸಿಗುತ್ತದೆ.

ಲೋಕಸಭೆ, ರಾಜ್ಯಸಭೆಗಳ ನಡಾವಳಿ ಆನ್‌ಲೈನ್‌ನಲ್ಲೇ ಇದೆ. ಡಿವಿಷನ್ ಆಗಿದ್ದರೆ ಪರ, ವಿರುದ್ಧ ಎಂದು ಹೆಸರುಗಳ ಪಟ್ಟಿ ಇರುತ್ತದೆ. ಮತ ಹಾಕಲು ಒತ್ತುವ ಬಟನ್ ಕೆಲಸ ಮಾಡಲಿಲ್ಲ ಎಂದು ಚೀಟಿ ಕೊಟ್ಟು ಮತ ತಿದ್ದಿಸಿದವರ ಹೆಸರು ಅದರ ಜೊತೆಗೇ ಚಿಕ್ಕ ಟಿಪ್ಪಣಿಯಲ್ಲಿ ಇರುತ್ತದೆ, ಅದನ್ನೂ ನೋಡಿ. ಮಸೂದೆ ಮಂಡನೆಯಾದ ದಿನವೇ ನಿಮ್ಮ ಎಂಪಿ ಅಥವಾ ಎಂಎಲ್‌ಎಗೆ ಒಂದು ಪತ್ರ ಹಾಕಿ: ಇದಕ್ಕೆ ನೀವು ಡಿವಿಷನ್ ಕೇಳುತ್ತೀರಾ? ಪಾಸಾದ ಮೇಲೆ ಕೇಳಿದರೆ "ನಾನೂ ಇಲ್ಲ ಅಂತಲೇ ಕೂಗಿದ್ದೆ" ಅನ್ನಬಹುದು, ಹೌದೋ ಅಲ್ಲವೋ ಎಂದು ನೋಡಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.