ಕಣ್ಣೆದುರೇ ಮೀಟರ್ ಹಿಡಿದು ತೋರಿಸಿದರೂ ಮೋಸ ಇರಬಹುದಾ?

ಪ್ರಶ್ನೆ: ನಮ್ಮದು ಸಿಂಧನೂರಿನಲ್ಲಿ ರೈಸ್ ಮಿಲ್. ಒಂದು ಸಲ ಚಾಲೂ ಮಾಡಿದರೆ ಸಾಕು, ತಾನೇ ಕರೆಂಟ್ ಹುಟ್ಟಿಸಿಕೊಂಡು ಓಡುತ್ತದೆ ಅಂತ ಒಬ್ಬರು ಜನರೇಟರ್ ತೋರಿಸಿದರು. ಪ್ರೊಫೆಸರ್ ಒಬ್ಬರ ಮುಂದೆಯೇ ಮೀಟರ್ ಹಿಡಿದರು. ಇದರಲ್ಲೂ ಮೋಸ ಸಾಧ್ಯವಾ?

ಉತ್ತರ: ಸಾಧ್ಯ. ಎಲ್ಲರ ಕಣ್ಣು ಉರಿಯುವ ಬಲ್ಬಿನ ಮೇಲಿರುತ್ತದೆ, ಅಲ್ವಾ? ಒಳಗೆ ಏನು ಹೋಗುತ್ತಿದೆ ಅಂತ ಯಾರೂ ಬಗ್ಗಿ ನೋಡುವುದಿಲ್ಲ.

1813ರಲ್ಲಿ ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ರೆಡ್‌ಹೆಫರ್ ಎಂಬಾತ ತಾನೇ ತಿರುಗುವ ಯಂತ್ರವನ್ನು ದುಡ್ಡು ಪಡೆದು ತೋರಿಸುತ್ತಿದ್ದ. ಎಂಜಿನಿಯರ್ ರಾಬರ್ಟ್ ಫುಲ್ಟನ್ ಅದರ ಸದ್ದು ಕೇಳಿದರು. ವೇಗ ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ಪಕ್ಕದ ಹಲಗೆ ಕಿತ್ತರೆ ಒಂದು ಬೆಲ್ಟು ಗೋಡೆಯೊಳಗೆ ಹೋಗಿತ್ತು. ಅದರ ಜಾಡು ಹಿಡಿದು ಹೋದರೆ, ಅಟ್ಟದಲ್ಲಿ ಕೂತ ಮುದುಕನೊಬ್ಬ ಹಿಡಿ ತಿರುಗಿಸುತ್ತಿದ್ದ!

ಈಗ ಅಟ್ಟ, ಮುದುಕ ಏನೂ ಬೇಡ, ಯಂತ್ರದೊಳಗೆ ಬ್ಯಾಟರಿ ಬಚ್ಚಿಟ್ಟರೆ ಸಾಕು. 12 ವೋಲ್ಟಿನ, 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿಯಲ್ಲಿ ಸುಮಾರು 1.8 ಯೂನಿಟ್ ಕರೆಂಟ್ ಇರುತ್ತದೆ. 9 ವ್ಯಾಟಿನ ಎಲ್‌ಇಡಿ ಬಲ್ಬು ಅದರಲ್ಲಿ ಹತ್ತಿರ ಹತ್ತಿರ ಒಂದು ವಾರ ಉರಿದೀತು. ಮೀಟರ್ ಕಥೆಯೂ ಅಷ್ಟೇ. ವೈರಿನ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರಿನೊಳಗೆ ಫೇಸ್, ನ್ಯೂಟ್ರಲ್ ಎರಡೂ ವೈರು ಸೇರಿಸಿ ಹಿಡಿದರೆ, ಕರೆಂಟ್ ಹರಿಯುತ್ತಿದ್ದರೂ ಸೊನ್ನೆ ತೋರಿಸುತ್ತದೆ. ಅಂಥ ಅಗ್ಗದ ಮೀಟರುಗಳಲ್ಲಿ ಹಲವಕ್ಕೆ ಬ್ಯಾಟರಿಯ ಡಿಸಿ ಕರೆಂಟ್ ಕಾಣುವುದೇ ಇಲ್ಲ.

ಮೋಸದ ಉದ್ದೇಶ ಇಲ್ಲದೆಯೂ ಲೆಕ್ಕ ತಪ್ಪಬಹುದು. 2011ರಲ್ಲಿ ಇಟಲಿಯ ಆಂಡ್ರಿಯಾ ರೊಸ್ಸಿ, ಕೊಟ್ಟ ಕರೆಂಟಿಗಿಂತ ಹೆಚ್ಚು ಶಾಖ ಕೊಡುತ್ತದೆ ಅಂತ 'ಇ-ಕ್ಯಾಟ್' ಎಂಬ ಯಂತ್ರ ತೋರಿಸಿದರು. ಒಳಗೆ ನೀರು, ಹೊರಗೆ ಹಬೆ. ನೋಡಿದವರಲ್ಲಿ ಪ್ರೊಫೆಸರುಗಳೂ ಇದ್ದರು. ಆದರೆ ನೀರೆಲ್ಲ ನಿಜವಾಗಿ ಹಬೆಯಾಯಿತಾ ಅಂತ ಟೀಕಾಕಾರರು ಕೇಳಿದರು. ಭತ್ತ ಬೇಯಿಸುವ ಬಾಯ್ಲರ್ ಕಂಡ ನಿಮಗೆ, ನೀರಿನ ಹನಿ ಬೆರೆತ ಹಸಿ ಹಬೆ ಗೊತ್ತೇ ಇದೆ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100ಕ್ಕೆ ಏರಿಸಲು ಸುಮಾರು 0.09 ಯೂನಿಟ್ ಸಾಕು. ಪೂರ್ತಿ ಹಬೆ ಮಾಡಲು ಇನ್ನೂ 0.63 ಬೇಕು. ಬರೀ ಕುದಿನೀರನ್ನು ಹಬೆ ಅಂತ ಬರೆದುಕೊಂಡರೆ ಶಾಖದ ಲೆಕ್ಕ ಎಂಟು ಪಟ್ಟು ಉಬ್ಬುತ್ತದೆ.

ಪ್ರೊಫೆಸರ್ ಇದ್ದರಲ್ಲ ಅಂತೀರಾ? ಪ್ರಯೋಗಾಲಯದಲ್ಲಿ ಅವರಿಗೆ ಎದುರಾಗುವುದು ಪ್ರಕೃತಿ. ಅದು ವೈರು ಬಚ್ಚಿಡುವುದಿಲ್ಲ. ಈ ಕೆಲಸಕ್ಕೆ ನನ್ನ ಓಟು ಕಳ್ಳ ಕನೆಕ್ಷನ್ ಹಿಡಿದು ಪಳಗಿದ ಜೆಸ್ಕಾಂ ಲೈನ್‌ಮನ್‌ಗೆ.

ಯಂತ್ರವನ್ನು ನಿಮ್ಮ ಮಿಲ್ಲಿಗೇ ತರಿಸಿ. ಗೋಡೆ, ನೆಲ ಮುಟ್ಟದಂತೆ ಮರದ ಮೇಜಿನ ಮೇಲಿಡಿ. ವೈರು, ಮೀಟರ್ ನಿಮ್ಮದೇ ಇರಲಿ. ಬಲ್ಬು ಬೇಡ, ಮಿಲ್ಲಿನ ಮೋಟರೊಂದನ್ನು ತಿಂಗಳು ಪೂರ್ತಿ ಓಡಿಸಲಿ. 'ಒಳಗೆ ನೋಡಬೇಡಿ, ಪೇಟೆಂಟ್ ಗುಟ್ಟು' ಅಂದರೆ ನೋಡಬೇಡಿ ಬಿಡಿ. ಅಡ್ವಾನ್ಸ್ ಮಾತ್ರ ಆ ತಿಂಗಳು ಮುಗಿಯುವವರೆಗೆ ಕೊಡಬೇಡಿ.