ಹೊಟ್ಟೆ ಸಾಫ್ ಆಗಲು ಪ್ರೊಬಯಾಟಿಕ್ ಬೇಕಾ?

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ‘ಹೊಟ್ಟಿ ಸಾಫ್ ಆಗವಲ್ದು, ಏನರ ಕೊಡ್ರಿ’ ಅನ್ನುವವರಿಗೆ ಮೆಡಿಕಲ್‌ ಅಂಗಡಿಯಲ್ಲಿ ಈಗ ಇಸಬ್‌ಗೋಲ್ ಪಕ್ಕದಲ್ಲೇ ಪ್ರೊಬಯಾಟಿಕ್ ಕ್ಯಾಪ್ಸೂಲ್ ಕೂಡ ಸಿಗುತ್ತದೆ. ಬೇರೆ ಕಾಯಿಲೆ ಇಲ್ಲದ ಗಟ್ಟಿಮುಟ್ಟಾದವರು ಅದಕ್ಕೆ ದುಡ್ಡು ಹಾಕಬೇಕಾ? ಬೇಡ ಅನ್ನುವುದೇ ನನ್ನ ಅಭಿಪ್ರಾಯ.

ಮೊದಲನೆಯದಾಗಿ, ದಿನಾ ಬೆಳಿಗ್ಗೆ ಆಗಲೇಬೇಕು ಅಂತ ಏನಿಲ್ಲ. ದಿನಕ್ಕೆ ಮೂರು ಸಲದಿಂದ ಹಿಡಿದು ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸಹಜವೇ. ತಿಣುಕದೆ ಸಲೀಸಾಗಿ ಆದರೆ ಸಾಕು.

ಪ್ರೊಬಯಾಟಿಕ್ ಅಂದರೆ ಸಾಕಷ್ಟು ಪ್ರಮಾಣದಲ್ಲಿ ಹೊಟ್ಟೆಗೆ ಹೋದಾಗ ಆರೋಗ್ಯಕ್ಕೆ ಒಳ್ಳೆಯದು ಮಾಡುವ ಜೀವಂತ ಸೂಕ್ಷ್ಮಜೀವಿ. ನಮ್ಮ ದೇಶದ ಆಹಾರ ನಿಯಮದಂತೆ ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಇರಬೇಕು. ದೊಡ್ಡ ಲೆಕ್ಕ ಅಲ್ವಾ? ಆದರೆ ನಮ್ಮ ಮೈಯಲ್ಲಿ ಆಗಲೇ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ. ಬಹುಪಾಲು ದೊಡ್ಡ ಕರುಳಿನಲ್ಲೇ. ಅಂದರೆ 3 ಲಕ್ಷ 80 ಸಾವಿರ ಹಳಬರ ನಡುವೆ ಒಂದೇ ಒಂದು ಹೊಸದು. ತುಂಬಿದ ಬಸ್ಸು ಹತ್ತಿದವರಂತೆ ಇವು ನಿಂತುಕೊಂಡೇ ಬಂದು ಇಳಿದುಹೋಗುತ್ತವೆ. ಕ್ಯಾಪ್ಸೂಲ್ ನಿಲ್ಲಿಸಿದ ಕೆಲವು ದಿನ ಅಥವಾ ವಾರಗಳಲ್ಲಿ ಹೆಚ್ಚಿನವರಲ್ಲಿ ಅವುಗಳ ಸುಳಿವೇ ಇರುವುದಿಲ್ಲ.

ಹಾಗಂತ ಎಲ್ಲಾ ಸುಳ್ಳು ಅಂತಲ್ಲ. ಬೈಫಿಡೊಬ್ಯಾಕ್ಟೀರಿಯಂ ಲ್ಯಾಕ್ಟಿಸ್ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳಿಂದ ಮಲಬದ್ಧತೆ ಇದ್ದವರಿಗೆ ಸ್ವಲ್ಪ ಅನುಕೂಲ ಆದದ್ದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಒಂದು ತಳಿಯ ಗುಣ ಇನ್ನೊಂದಕ್ಕೆ ಇರುತ್ತದೆ ಅನ್ನುವ ಹಾಗಿಲ್ಲ. ಡಬ್ಬಿಯ ಮೇಲೆ ತಳಿಯ ಹೆಸರೇ ಇಲ್ಲದಿದ್ದರೆ ಕೊಳ್ಳಲೇಬೇಡಿ.

ಬೇಸಿಗೆಯಲ್ಲಿ ಹೊಟ್ಟೆ ಕಟ್ಟುವುದಕ್ಕೆ ಬೆವರೂ ಒಂದು ಕಾರಣ. ಮೈಯಲ್ಲಿ ನೀರು ಕಮ್ಮಿಯಾದಾಗ ದೊಡ್ಡ ಕರುಳು ಮಲದಿಂದ ಜಾಸ್ತಿ ನೀರು ಹೀರಿಕೊಳ್ಳುತ್ತದೆ. ಮಲ ಗಟ್ಟಿಯಾಗುತ್ತದೆ. ಇದಕ್ಕೆ ಬೇಕಾದದ್ದು ನೀರು ಮತ್ತು ನಾರು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ರೊಟ್ಟಿ, ಪುಂಡಿಪಲ್ಯ, ತೊಗರಿ ಬೇಳೆ ಉಂಡಾಗ ಜೀರ್ಣವಾಗದ ನಾರು ದೊಡ್ಡ ಕರುಳಿಗೆ ಇಳಿಯುತ್ತದೆ. ಸ್ವಲ್ಪ ಭಾಗ ನೀರು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡುತ್ತದೆ. ಇನ್ನು ಸ್ವಲ್ಪ ಅಲ್ಲಿಯ ಬ್ಯಾಕ್ಟೀರಿಯಾಗಳ ಊಟ. ಅದನ್ನು ತಿಂದು ಅವು ಬ್ಯೂಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಇಂಧನ. ಒಳಗೆ ಇರುವವರಿಗೇ ಹೊಟ್ಟೆ ತುಂಬಾ ಹಾಕುವುದು ಬಿಟ್ಟು ಹೊಸಬರನ್ನು ಯಾಕೆ ಕೊಂಡು ತರಬೇಕು?

ನಮ್ಮ ಅಂಬಲಿಯನ್ನೇ ನೋಡಿ. ಜೋಳದ ಹಿಟ್ಟು ರಾತ್ರಿಯಿಡೀ ನೆನೆದು ಹುಳಿಯಾಗುವಾಗ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬೆಳಿಗ್ಗೆ ಕುದಿಸಿದಾಗ ಸಾಯುತ್ತವೆ. ಆರಿದ ಮೇಲೆ ಮಜ್ಜಿಗೆ, ಉಪ್ಪು, ಉಳ್ಳಾಗಡ್ಡಿ ಹಾಕುತ್ತೇವಲ್ಲ, ಆ ಮಜ್ಜಿಗೆಯಿಂದ ಜೀವಂತ ಬ್ಯಾಕ್ಟೀರಿಯಾ ಮತ್ತೆ ಸೇರುತ್ತವೆ. ನೀರು, ನಾರು, ಬ್ಯಾಕ್ಟೀರಿಯಾ ಮೂರೂ ಒಂದೇ ಲೋಟದಲ್ಲಿ! ಬಿಸಿ ಇರುವಾಗಲೇ ಮಜ್ಜಿಗೆ ಸುರಿಯಬೇಡಿ, ಅಷ್ಟೇ.

ನಾರನ್ನು ಒಮ್ಮೆಲೇ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ. ನಿಧಾನವಾಗಿ ಹೆಚ್ಚಿಸಿ, ಜೊತೆಗೆ ನೀರು ಕುಡಿಯಿರಿ. ಬೆಳಿಗ್ಗೆ ಚಹಾ, ನಾಷ್ಟಾ ಆದ ಮೇಲೆ ದೊಡ್ಡ ಕರುಳು ತಾನಾಗೇ ಚುರುಕಾಗುತ್ತದೆ. ಆಗ ಬಸ್ಸಿಗೆ ಹೊತ್ತಾಯಿತು ಅಂತ ಒತ್ತಡ ತಡೆದುಕೊಳ್ಳಬೇಡಿ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಇಷ್ಟು ವರ್ಷ ಇದ್ದ ರೂಢಿ ಇದ್ದಕ್ಕಿದ್ದಂತೆ ಬದಲಾಗಿ ವಾರಗಟ್ಟಲೆ ಹಾಗೇ ಇದ್ದರೆ ಅಂಬಲಿ, ಕ್ಯಾಪ್ಸೂಲ್ ಎರಡನ್ನೂ ನಂಬಿ ಕೂರದೆ ಡಾಕ್ಟರಿಗೆ ತೋರಿಸಿ.