ರೋಲ್ಸ್ ಮನೆಯ ಪಾರ್ಕು ಗಾಲ್ಫ್ ಮೈದಾನವಾದ ಕತೆ

ವೇಲ್ಸ್‌ನ ಮಾನ್‌ಮತ್ ಊರಿನಿಂದ ನಾಲ್ಕು ಮೈಲಿ ಹೋದರೆ ಹೆಂಡ್ರೆ ಎಂಬ ದೊಡ್ಡ ಮನೆ. ನಮ್ಮ ಕಿವಿಗೆ ಬೇರೇನೋ ಕೇಳಿಸುತ್ತದೆ, ಇರಲಿ. ವೆಲ್ಷ್ ಭಾಷೆಯಲ್ಲಿ ಅದು ಚಳಿಗಾಲದ ಮನೆ. ಬೇಸಿಗೆಯಲ್ಲಿ ದನಕುರಿ ಹೊಡೆದುಕೊಂಡು ಗುಡ್ಡ ಹತ್ತಿದವರು ಚಳಿಗೆ ಇಳಿದು ಬರುತ್ತಿದ್ದ ತಗ್ಗಿನ ಜಾಗ. ಈ ಮನೆಯ ಸುತ್ತಲಿನ ಪಾರ್ಕಿನಲ್ಲೇ 1980ರ ದಶಕದಲ್ಲಿ 18 ಹೋಲ್‌ಗಳ ಗಾಲ್ಫ್ ಮೈದಾನ ಆಯಿತು. ಹೆಸರು ರೋಲ್ಸ್ ಆಫ್ ಮಾನ್‌ಮತ್. ಹೌದು, ರೋಲ್ಸ್ ರಾಯ್ಸ್ ಕಾರಿನ ರೋಲ್ಸೇ.

ಗಾಲ್ಫ್ ಮೊದಲು ಕಡಲತೀರದ ಆಟ. ಅಲ್ಲಿನ ಮರಳು ನೀರನ್ನು ಹೀರಿಕೊಳ್ಳುತ್ತದೆ, ಹುಲ್ಲು ಗಿಡ್ಡವಾಗಿಯೇ ಇರುತ್ತದೆ. ಮಿಕ್ಕಿದ್ದನ್ನು ಕುರಿ, ಮೊಲ ಮೇಯುತ್ತಿದ್ದವು. ಇಂಥ ಮೈದಾನಕ್ಕೆ ಲಿಂಕ್ಸ್ ಅನ್ನುತ್ತಾರೆ. ಒಳನಾಡಿನ ಮಣ್ಣು ಹಾಗಲ್ಲ. ಹುಲ್ಲು ಸೊಂಪಾಗಿ ಬೆಳೆಯುತ್ತದೆ, ಚೆಂಡು ಅದರಲ್ಲಿ ಕಳೆದೇ ಹೋಗುತ್ತದೆ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡಿಂಗ್ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಆ ಯಂತ್ರ ಸುಧಾರಿಸುತ್ತಾ ಹೋದ ಹಾಗೆ ಆಟವೂ ಒಳನಾಡಿಗೆ ಬಂತು.

ಜಾಗವಂತೂ ಸಿದ್ಧವೇ ಇತ್ತು. ಜಮೀನ್ದಾರರು ತಲೆಮಾರುಗಳಿಂದ ಮನೆಯ ಸುತ್ತ ಬಯಲು ಬಿಟ್ಟು, ಅಲ್ಲಲ್ಲಿ ಓಕ್ ಮರ ಬೆಳೆಸಿದ್ದರು. ನೋಡುವವರಿಗೆ ಅದು ಪ್ರಕೃತಿ. ನನಗೆ ಕಾಣುವುದು ಮಾತ್ರ ಹಣ. ರೋಲ್ಸ್ ಕುಟುಂಬಕ್ಕೆ ಲಂಡನ್ನಿನ ಜಾಗಗಳಿಂದಲೂ ಆದಾಯ ಬರುತ್ತಿತ್ತು.

ಆ ಮನೆಯ ಕಿರಿಮಗ ಚಾರ್ಲ್ಸ್‌ಗೆ ಯಂತ್ರದ ಹುಚ್ಚು. 1904ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹೆನ್ರಿ ರಾಯ್ಸ್‌ನನ್ನು ಕಂಡ, ಕಂಪನಿ ಹುಟ್ಟಿತು. 1910ರ ಜೂನ್‌ನಲ್ಲಿ ವಿಮಾನದಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ನಿಲ್ಲದೆ ದಾಟಿ, ವಾಪಸ್ಸೂ ಬಂದ. ಮುಂದಿನ ತಿಂಗಳೇ ಬೋರ್ನ್‌ಮತ್‌ನಲ್ಲಿ ವಿಮಾನ ಬಿದ್ದು ಸತ್ತ. ವಯಸ್ಸು 32. ಅಪ್ಪ 1912ರಲ್ಲಿ ಹೋದರು. 1916ರಲ್ಲಿ ಉಳಿದ ಇಬ್ಬರು ಅಣ್ಣಂದಿರೂ ಹೋದರು, ಅವರಲ್ಲಿ ಒಬ್ಬರು ಮೊದಲ ಮಹಾಯುದ್ಧದ ಸೋಮ್ ಕದನದಲ್ಲಿ ಆದ ಗಾಯದಿಂದ. ಅಪ್ಪನಿಂದ ಮಗನಿಗೆ ಬರುವ ಮನೆತನದ ಬ್ಯಾರನ್ ಪದವಿ ಅಲ್ಲಿಗೇ ಮುಗಿಯಿತು.

ಬ್ರಿಟನ್ನಿನ ಎಷ್ಟೋ ದೊಡ್ಡಮನೆಗಳ ಪಾಡೂ ಹೆಚ್ಚುಕಡಿಮೆ ಇಷ್ಟೇ. ವಾರಸುದಾರರು ಯುದ್ಧದಲ್ಲಿ ಸತ್ತರು. ಮಾಲೀಕ ಸತ್ತಾಗ ಆಸ್ತಿಯ ಮೇಲೆ ಬೀಳುವ ತೆರಿಗೆ 1894ರಲ್ಲಿ ಬಂತು, ಅದು ಏರುತ್ತಲೇ ಹೋಗಿ, 1949ರ ಹೊತ್ತಿಗೆ ತೀರಾ ದೊಡ್ಡ ಆಸ್ತಿಗಳಿಗೆ 80 ಶೇಕಡಾ ಮುಟ್ಟಿತ್ತು. ಕೆಲವು ಮನೆಗಳನ್ನು ಕೆಡವಿದರು, ಕೆಲವು ಶಾಲೆಯಾದವು, ಕೆಲವು ಹೋಟೆಲಾದವು. ಪಾರ್ಕಿಗೆ ಮಾತ್ರ ಗಾಲ್ಫ್ ಚೆನ್ನಾಗಿ ಒಗ್ಗಿತು. ಮರ ಕಡಿಯಬೇಕಿಲ್ಲ, ನೋಟ ಕೆಡುವುದಿಲ್ಲ, ಜೊತೆಗೆ ಶುಲ್ಕವೂ ಬರುತ್ತದೆ ಅಲ್ವಾ?

ಮಳೆಯ ಕಾಟ ಮಾತ್ರ ತಪ್ಪಲಿಲ್ಲ. ಇದೇ ಸೀಮೆಯ ನ್ಯೂಪೋರ್ಟ್ ಬಳಿ, ಸೆಲ್ಟಿಕ್ ಮ್ಯಾನರ್ ಮೈದಾನದಲ್ಲಿ 2010ರ ರೈಡರ್ ಕಪ್, ಅಂದರೆ ಯುರೋಪ್ ಮತ್ತು ಅಮೆರಿಕ ತಂಡಗಳ ಗಾಲ್ಫ್ ಪಂದ್ಯ ನಡೆಯಿತು. ಮೊದಲ ದಿನವೇ ಏಳು ಗಂಟೆಗೂ ಜಾಸ್ತಿ ಆಟ ನಿಂತಿತು. ಭಾನುವಾರ ಮುಗಿಯಬೇಕಿದ್ದ ಪಂದ್ಯ, ಆ ಕಪ್‌ನ ಇತಿಹಾಸದಲ್ಲೇ ಮೊದಲ ಸಲ, ಸೋಮವಾರಕ್ಕೆ ಹೋಯಿತು.